ಎರಡು ಜೊತೆ ಹೆಡ್ಡು, ಒಂದೇ ಕಾರು

ಸಿಂಗಾಪುರಕ್ಕೆ ಬಂದ ಹೊಸದರಲ್ಲಿ ಕನ್ನಡದವರು ಸೇರಿದ್ದ ಒಂದು ಯುಗಾದಿ ಊಟಕ್ಕೆ ಹೋಗಿದ್ದೆ. ಹೋಳಿಗೆಯ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರು ತಿರುಗಿ, ಎಲ್ಲಿ ಕೆಲಸ ಎಂದು ಕೇಳಿದರು.

"ಕಲ್ಲಾಂಗ್‌ನಲ್ಲಿ. ಹೆಡ್ ಕೆಲಸ," ಎಂದೆ.

ಅವರ ಮುಖ ಅರಳಿತು. "ಓ! ಯಾವ ಡಿಪಾರ್ಟ್‌ಮೆಂಟಿಗೆ ಹೆಡ್ ಸಾರ್?"

"ಡಿಪಾರ್ಟ್‌ಮೆಂಟಿಗಲ್ಲ, ಎಂಜಿನ್ನಿನ ಹೆಡ್. ಬಿಚ್ಚೋದು, ಉಜ್ಜೋದು, ವಾಪಸ್ ಕೂರಿಸೋದು."

"ಓಕೆ ಓಕೆ, ನೈಸ್," ಎಂದು ಅವರು ಮುಂದಕ್ಕೆ ತಿರುಗಿಬಿಟ್ಟರು. ಹೋಳಿಗೆ ಚೆನ್ನಾಗಿತ್ತು. ಒಂದು ಕಂಬಕ್ಕೆ ಒರಗಿಕೊಂಡು ಒಬ್ಬನೇ ತಿಂದು, ಎಮ್‌ಆರ್‌ಟಿ ರೈಲು ಹಿಡಿದು ಯಿಶುನ್‌ನ ಮನೆಗೆ ಬಂದೆ. ಅವರದೇನೂ ತಪ್ಪಿಲ್ಲ. ಸಾಫ್ಟ್‌ವೇರಿನವರ ಮಧ್ಯೆ ಕೈಗೆ ಗ್ರೀಸ್ ಮೆತ್ತಿಕೊಂಡವನ ಹತ್ತಿರ ಏನು ಮಾತಾಡಬೇಕೆಂದು ಅವರಿಗೆ ತೋಚಲಿಲ್ಲ, ನನಗೂ ತೋಚಲಿಲ್ಲ. ಆಮೇಲೆ ನಾನು ಅಂಥ ಊಟಗಳಿಗೆ ಹೋಗಿದ್ದು ಕಡಿಮೆ.

ಈಗ ಕೆಲಸ ಬಿಟ್ಟಿದ್ದೇನೆ. ಈ ಕಸುಬಿಗೆ ಬರಲು ಮನಸ್ಸಿರುವ ಹುಡುಗ ಹುಡುಗಿಯರು ಈಗಲೂ ಅಲ್ಲಲ್ಲಿ ಇದ್ದಾರೆ ಎಂದು ಕೇಳಿದ್ದೇನೆ. ಅವರಿಗೆ ಗೊತ್ತಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ. ಯಾವ ಬೆಂಚಿಗೆ ಬಂದು ನಿಂತೆನೋ ಅದೇ ಬೆಂಚಿನಿಂದ ಹೊರಟುಬಂದೆ.

ಹೆಡ್ ಎಂದರೆ ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ದಪ್ಪ ಎರಕದ ತುಂಡು. ಗಾಳಿ, ಪೆಟ್ರೋಲು ಒಳಗೆ ಬರುವ ದಾರಿ, ಸುಟ್ಟ ಹೊಗೆ ಹೊರಗೆ ಹೋಗುವ ದಾರಿ, ಆ ದಾರಿಗಳನ್ನು ತೆಗೆದು ಮುಚ್ಚುವ ವಾಲ್ವುಗಳು, ಎಲ್ಲ ಅದರಲ್ಲೇ. ಎಂಜಿನ್ನು ಉಸಿರಾಡುವುದೇ ಹೆಡ್ಡಿನಿಂದ. ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಲಾರಿ ಎಂಜಿನ್ನುಗಳ ಮೇಲೆ ನಾನು ಈ ಕೆಲಸ ಕಲಿತೆ. ವಾಲ್ವಿಗೆ ಉಜ್ಜುವ ಪೇಸ್ಟ್ ಹಚ್ಚಿ, ಕೋಲಿನ ತುದಿಗೆ ಸಿಕ್ಕಿಸಿ, ಎರಡು ಅಂಗೈ ನಡುವೆ ಮಜ್ಜಿಗೆ ಕಡೆದ ಹಾಗೆ ತಿರುಗಿಸಿ ತಿರುಗಿಸಿ ಕೂರಿಸುವ ಕಾಲ ಅದು. ಅಲ್ಲಿ ಎಷ್ಟು ಗದ್ದಲವೆಂದರೆ ಒಬ್ಬನ ಕೆಲಸಕ್ಕೆ ಹತ್ತು ಜನ ಸಲಹೆ ಕೊಡುತ್ತಿದ್ದರು. ಆಗ ತಲೆಚಿಟ್ಟು ಹಿಡಿಯುತ್ತಿತ್ತು.

ಸಿಂಗಾಪುರದ ವರ್ಕ್‌ಶಾಪಿನಲ್ಲಿ ಸಲಹೆ ಕೊಡುವವರು ಯಾರೂ ಇರಲಿಲ್ಲ. ಹೆಡ್ ಉಜ್ಜುವ ಕೋಣೆ ಬೇರೆ, ಅದಕ್ಕೆ ಗಾಜಿನ ಬಾಗಿಲು. ಕಿವಿಗೆ ಮುಚ್ಚಳ, ಮುಖಕ್ಕೆ ಮಾಸ್ಕು, ಕೈಯಲ್ಲಿ ಗಿರ್ರೆನ್ನುವ ಗ್ರೈಂಡರು. ಬೆಳಗ್ಗೆ ಒಳಗೆ ಹೋದರೆ ಊಟದ ಹೊತ್ತಿಗೆ ಆಚೆ ಬರುವುದು. ಪಕ್ಕದ ಹಾಕರ್ ಸೆಂಟರಿನಲ್ಲಿ ಬೆರಳು ತೋರಿಸಿದರೆ ಊಟ ಬರುತ್ತದೆ, ಬಾಯಿ ತೆರೆಯುವ ಅಗತ್ಯವೂ ಇಲ್ಲ. ಮದುವೆ ಯಾಕಾಗಲಿಲ್ಲ ಎಂದು ಕೇಳಬೇಡಿ, ಅದರಲ್ಲಿ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಮನೆಗೆ ಬಂದು ಬಾಗಿಲು ತೆಗೆದಾಗ "ಬಂದ್ಯಾ" ಎನ್ನುವವರು ಇಲ್ಲದ್ದಕ್ಕೆ ನಾನೇ "ಬಂದೆ" ಎಂದು ಹೇಳಿಕೊಳ್ಳುತ್ತಿದ್ದೆ. ಕೆಲವು ದಿನ ನನ್ನ ಬಾಯಿಂದ ಹೊರಬಿದ್ದ ಕನ್ನಡ ಆ ಒಂದೇ ಪದ.

ಬಾಸ್ ವಯಸ್ಸಾದ ಚೀನೀ ಮನುಷ್ಯ, ಮಾತು ಕಡಿಮೆ. ಸೇರಿದ ಮೊದಲ ವಾರವೇ ನಾನೊಂದು ಘನಂದಾರಿ ಕೆಲಸ ಮಾಡಿದೆ. ಕಲಾಸಿಪಾಳ್ಯದಲ್ಲಿ ಹೆಡ್ಡುಗಳೆಲ್ಲ ಕಬ್ಬಿಣದವು. ಕಾಸ್ಟಿಕ್ ಸೋಡಾ ಹಾಕಿ ಕುದಿಸಿದ ನೀರಿನ ತೊಟ್ಟಿಗೆ ಇಳಿಸಿದರೆ ಥಳಥಳ ಹೊಳೆಯುತ್ತಿದ್ದವು. ಇಲ್ಲಿ ಒಂದು ಅಲ್ಯೂಮಿನಿಯಮ್ ಹೆಡ್ಡನ್ನು ಅದೇ ಅಭ್ಯಾಸದ ಮೇಲೆ ತೊಟ್ಟಿಗೆ ಇಳಿಸಿ ಕೈ ತೊಳೆದುಕೊಂಡೆ. ಕಾಸ್ಟಿಕ್ ಅಲ್ಯೂಮಿನಿಯಮನ್ನು ತಿಂದುಹಾಕುತ್ತದೆ. ಎತ್ತಿದಾಗ ಹೆಡ್ಡು ಕಪ್ಪಗೆ, ಇಲಿ ಕಚ್ಚಿದ ಕೊಬ್ಬರಿಯಂತಾಗಿತ್ತು. ಬಾಸ್ ಬೈಯಲಿಲ್ಲ. "ನಾಗಾ, ದಿಸ್ ವನ್ ಸೂಪ್ ಆಲ್ರೆಡಿ ಲಾ," ಎಂದರು. ಆಮೇಲೆ ಅದನ್ನು ತೊಟ್ಟಿಯ ಮೇಲಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ನನ್ನ ಹೆಸರು ನಾಗೇಂದ್ರ, ಅವರ ಬಾಯಲ್ಲಿ ಕೊನೆಯವರೆಗೂ ನಾಗಾ. ಬೈದಿದ್ದರೆ ಅವತ್ತೇ ಮರೆತುಹೋಗುತ್ತಿತ್ತು. ಗೋಡೆ ಮೇಲಿನದು ಮರೆಯುವುದಿಲ್ಲ. ಮೇಲಿನವರು ಹೀಗಿದ್ದರೆ ಬೇಗ ಕಲಿಯುತ್ತೀರಿ.

ಕೆಲಸದ ರೀತಿಯೂ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ಗಿರಾಕಿ ಬಂದು, "ಎಂಜಿನ್ ಸುಸ್ತಾಗಿದೆ, ಸರಿ ಮಾಡಿ" ಎನ್ನುತ್ತಿದ್ದ. ಆಮೇಲೆ ಇಂಟರ್‌ನೆಟ್ ಬಂತು. ಯಾವ ಹೆಡ್ಡಿನಲ್ಲಿ ಎಷ್ಟು ಗಾಳಿ ಹರಿಯುತ್ತದೆ ಎಂಬ ಗ್ರಾಫನ್ನು ಫೋನಿನಲ್ಲಿ ಹಿಡಿದುಕೊಂಡೇ ಬರತೊಡಗಿದರು. ಗ್ರಾಫ್ ಸುಳ್ಳಲ್ಲ. ಆದರೆ ಕಾರು ಯಾವ ರಸ್ತೆಯಲ್ಲಿ, ಯಾರ ಕಾಲಿನ ಕೆಳಗೆ ಓಡುತ್ತದೆ ಎಂದು ಗ್ರಾಫ್ ಹೇಳುವುದಿಲ್ಲ. ಹೆಡ್ ಆರಿಸುವಾಗ ಮೊದಲು ಕೇಳಬೇಕಾದ್ದು ಅದನ್ನು. ನಾನು ಹೇಳಹೊರಟಿರುವ ಜಗಳ ಶುರುವಾದದ್ದೂ ಅಲ್ಲೇ.

ಗುರುರಾಜ, ಶ್ರೀಧರ ಇಬ್ಬರೂ ಮೈಸೂರಿನವರು, ಎಂಜಿನಿಯರಿಂಗ್ ಓದುವಾಗಿನಿಂದ ಗೆಳೆಯರು. ಗುರುರಾಜ ತಂಜಾಂಗ್ ಪಗಾರ್‌ನ ಒಂದು ಬ್ಯಾಂಕಿನಲ್ಲಿ, ಶ್ರೀಧರ ಸಾಫ್ಟ್‌ವೇರಿನಲ್ಲಿ. ಸಿಂಗಾಪುರಕ್ಕೂ ಜೊತೆಗೇ ಬಂದು, ಮದುವೆಯಾಗುವವರೆಗೆ ಒಂದೇ ರೂಮಿನಲ್ಲಿದ್ದವರು. ಇಬ್ಬರೂ ಸೇರಿ ಒಂದು ಹಳೆಯ ಮಸಲ್ ಕಾರು, ಎಂದರೆ ಭಾರಿ ಎಂಜಿನ್ನಿನ ಗುಡುಗುವ ಕಾರು, ಕೊಂಡಿದ್ದರು. ಆಸ್ಟ್ರೇಲಿಯಾದಲ್ಲಿ ತಯಾರಾದದ್ದು, ಎರಡು ಬಾಗಿಲು, ಬಲಗಡೆ ಸ್ಟೀರಿಂಗು, ಮುಂದೆ ವಿ-ಎಯ್ಟ್ ಎಂಜಿನ್ನು. ಅಂಥ ಎಂಜಿನ್ನಿನಲ್ಲಿ ಆ ಕಡೆ ನಾಲ್ಕು, ಈ ಕಡೆ ನಾಲ್ಕು ಸಿಲಿಂಡರು, ಹಾಗಾಗಿ ಹೆಡ್ಡೂ ಎರಡು. ಹಳೆಯ ಕಾರನ್ನು ಈ ಊರಿನಲ್ಲಿ ವರ್ಷಕ್ಕೆ ಇಂತಿಷ್ಟೇ ದಿನ ಓಡಿಸಬಹುದು ಎಂಬ ಕಟ್ಟುಪಾಡು ಬೇರೆ.

ಎಂಜಿನ್ನು ಬಿಚ್ಚಿ ನನ್ನ ಬೆಂಚಿಗೆ ಬಂದಾಗ ಗುರುರಾಜ ರಜೆ ಹಾಕಿ ಮೈಸೂರಿಗೆ ಹೋಗಿದ್ದ. ಆ ಸಮಯದಲ್ಲಿ ಶ್ರೀಧರ ಹೊಸ ಅಲ್ಯೂಮಿನಿಯಮ್ ಹೆಡ್ಡುಗಳ ಒಂದು ಜೊತೆ ತರಿಸಿಬಿಟ್ಟ. ಗುರುರಾಜ ವಾಪಸು ಬಂದು ಬೆಂಚಿನ ಮೇಲೆ ಎರಡು ಜೊತೆ ನೋಡಿದ. ಒಂದು ಹಳೆಯ ಕಬ್ಬಿಣದ್ದು, ಒಂದು ಫಳಫಳ ಹೊಳೆಯುವ ಹೊಸದು.

"ಇದ್ಯಾವಾಗ ಆರ್ಡರ್ ಮಾಡ್ದೆ?" ಎಂದು ಕೇಳಿದ.

"ಸರ್‌ಪ್ರೈಸ್ ಕಣೋ. ಫ್ಲೋ ನಂಬರ್ಸ್ ನೋಡು, ತಲೆ ತಿರುಗುತ್ತೆ."

"ನನ್ನನ್ನ ಒಂದ್ ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹಳೇದು ಕಾರಿನ ಜೊತೆ ಹುಟ್ಟಿದ್ದು. ಅದನ್ನ ತೆಗೆದು ಇದನ್ನ ಹಾಕಿದ್ರೆ ಕಾರೇ ಬೇರೆ ಆಗೋಗುತ್ತೆ."

ಅವತ್ತು ಶುರುವಾದದ್ದು ಎಲ್ಲಿಗೋ ಹೋಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ಇಬ್ಬರೂ ಮಾತು ಬಿಟ್ಟರು. ಗುರುರಾಜ ವಾರದ ಮಧ್ಯೆ ಆಫೀಸು ಮುಗಿಸಿ ಬರುತ್ತಿದ್ದ, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ತರುತ್ತಿದ್ದ. ಶ್ರೀಧರ ಶನಿವಾರ ಬರುತ್ತಿದ್ದ, ಅವನ ಹೆಂಡತಿ ಮಾಡಿದ ಕೋಡುಬಳೆ ಡಬ್ಬಿ ತರುತ್ತಿದ್ದ. ಇಬ್ಬರೂ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಅವನು ಬಂದಿದ್ನಾ ಸಾರ್? ಏನಂದ?"

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಆ ಮೂರನೆಯವನು ನಾನು. ವಾರಕ್ಕೆ ಎರಡು ಸಲ ಗಂಟೆಗಟ್ಟಲೆ ಕನ್ನಡ. ಹೆಡ್ಡಿನ ವಿಷಯ ಮುಗಿದ ಮೇಲೆ ಮೈಸೂರಿನ ಸಿನಿಮಾ ಥಿಯೇಟರು, ಹಾಸ್ಟೆಲಿನ ಸಾರು, ಕದ್ದು ತಿಂದ ಮಾವಿನಕಾಯಿ. ಒಬ್ಬ ಹೇಳಿದ ಕಥೆಯನ್ನೇ ಇನ್ನೊಬ್ಬ ಶನಿವಾರ ಬೇರೆ ಥರ ಹೇಳುತ್ತಿದ್ದ. ಎರಡರಲ್ಲೂ ಇನ್ನೊಬ್ಬನೇ ಇರುತ್ತಿದ್ದ. ಅವರು ಬರುವ ದಿನ ನಾನು ಗ್ರೈಂಡರು ಬೇಗ ಆರಿಸಿ, ಮುಖ ತೊಳೆದು, ಎರಡು ಸ್ಟೂಲು ಒರೆಸಿ ಇಡುತ್ತಿದ್ದೆ. ಇಷ್ಟು ವರ್ಷ ಒಬ್ಬನೇ ಇದ್ದು ಅಭ್ಯಾಸವಾಗಿದೆ ಎಂದು ನಂಬಿದ್ದೆ. ಆಗಿರಲಿಲ್ಲ. ಒಂಟಿತನ ಅಭ್ಯಾಸವಾಗುವುದಿಲ್ಲ, ಅದರ ಬಗ್ಗೆ ಯೋಚಿಸದಿರುವುದು ಅಭ್ಯಾಸವಾಗುತ್ತದೆ. ಗುರುರಾಜನ ಕಾಫಿ ಕುಡಿದ ಮೇಲೆ ಯೋಚಿಸದಿರುವುದು ಕಷ್ಟವಾಯಿತು.

ಆದರೆ ಹೆಡ್ ಯಾವುದೆಂದು ತೀರ್ಮಾನ ಆಗಲೇಬೇಕಿತ್ತು. ಇಬ್ಬರೂ, "ನೀವು ಹೇಳಿದ್ದೇ ಫೈನಲ್ ಸಾರ್" ಎಂದು ನನ್ನ ತಲೆಗೇ ಕಟ್ಟಿದ್ದರು. ಎಳೆದಾಡಿದ್ದರೆ ಇನ್ನೂ ಕೆಲವು ತಿಂಗಳು ಕಾಫಿ, ಕೋಡುಬಳೆ ನಡೆಯುತ್ತಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು, ಬಂದು ಹೋಯಿತು. ಬೆಂಚಿನ ಮೇಲೆ ಬಿಚ್ಚಿ ಮಲಗಿಸಿದ ಎಂಜಿನ್ನನ್ನು ಬೇಕೆಂದು ಕಾಯಿಸುವುದು ನನ್ನ ಕೈಲಾಗದ ಕೆಲಸ.

ಎರಡು ಜೊತೆಯನ್ನೂ ಅಳೆದೆ. ಮಕ್ಕಳು ಆಡುವ ಜೇಡಿಯನ್ನು ಪಿಸ್ಟನ್ನಿನ ಮೇಲೆ ಮೆತ್ತಿ, ಹೆಡ್ ಕೂರಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ಮತ್ತೆ ಬಿಚ್ಚಿ, ಜೇಡಿ ಎಷ್ಟು ತೆಳ್ಳಗಾಗಿದೆ ಎಂದು ನೋಡಿದೆ. ಹೊಸ ಹೆಡ್ಡಿನ ದೊಡ್ಡ ವಾಲ್ವು ಪಿಸ್ಟನ್ನಿಗೆ ತೀರ ಹತ್ತಿರ ಬರುತ್ತಿತ್ತು. ಅದನ್ನು ಹಾಕಿದರೆ ಪಿಸ್ಟನ್ನೂ ಬದಲಾಗಬೇಕು, ವಾಲ್ವುಗಳನ್ನು ಎತ್ತಿಳಿಸುವ ಕ್ಯಾಮ್‌ಶಾಫ್ಟೂ ಬದಲಾಗಬೇಕು. ಮಿಗಿಲಾಗಿ ಅದರ ಗಾಳಿದಾರಿ ಅಗಲ. ಅಗಲವಾದ ದಾರಿಯಲ್ಲಿ ಗಾಳಿ ಮೆಲ್ಲಗೆ ಹೋಗುತ್ತದೆ. ಎಂಜಿನ್ನು ಕಿರುಚುವಷ್ಟು ಜೋರಾಗಿ ತಿರುಗಿದಾಗ ಮಾತ್ರ ಅಂಥ ಹೆಡ್ಡು ತನ್ನ ಗುಣ ತೋರಿಸುವುದು. ಸಿಗ್ನಲಿನಿಂದ ಸಿಗ್ನಲಿಗೆ ಹೋಗುವ ಈ ಊರಿನಲ್ಲಿ ಆ ವೇಗ ಎಲ್ಲಿಂದ ಬರಬೇಕು? ಕಬ್ಬಿಣದ ಹೆಡ್ಡಿನಲ್ಲಿ ಬಿರುಕಿರಲಿಲ್ಲ, ಕಾಂತ ಹಿಡಿದು ಕಬ್ಬಿಣದ ಪುಡಿ ಉದುರಿಸಿ ನೋಡಿದ್ದೆ. ವಾಲ್ವು ಕೂರುವ ಜಾಗ ಮಾತ್ರ ಸವೆದಿತ್ತು. ಅದಕ್ಕೆ ಗಟ್ಟಿ ಉಕ್ಕಿನ ಉಂಗುರ ಕೂರಿಸಿದರೆ ಸಾಕು.

ಶನಿವಾರ ಶ್ರೀಧರನಿಗೆ ಹೇಳಿದೆ.

"ಕಬ್ಬಿಣದ್ದೇ ಸರಿ ಶ್ರೀಧರ್."

ಅವನು ಗೋಡೆಯ ಮೇಲಿನ ಕಪ್ಪು ಹೆಡ್ಡಿನ ಕಡೆ ನೋಡಿದ. "ನಿಮಗೆ ಅಲ್ಯೂಮಿನಿಯಮ್ ಕಂಡ್ರೆ ಆಗಲ್ಲ ಸಾರ್. ಅದರ ಸೇಡು ನನ್ನ ಮೇಲೆ ತೀರಿಸ್ಕೊಂಡ್ರಿ."

ನಗುತ್ತಲೇ ಅಂದ. ಆದರೆ ಡಬ್ಬಿ ಖಾಲಿಯಾಗುವ ಮೊದಲೇ ಮುಚ್ಚಿಕೊಂಡು ಎದ್ದ. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನದ್ದೂ ಬರಲಿಲ್ಲ. ನಾನು ಎರಡು ವಾರವೂ ಸ್ಟೂಲು ಒರೆಸಿಟ್ಟಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಇಲ್ಲಿ ಅದಕ್ಕೆ ರಜೆಯಿಲ್ಲ. ಬಾಸ್ ನನಗೆ ಅರ್ಧ ಗಂಟೆ ಬಿಟ್ಟುಕೊಡುತ್ತಿದ್ದರು. ಲೇತು, ಗ್ರೈಂಡರು, ಸ್ಪ್ಯಾನರುಗಳಿಗೆಲ್ಲ ಕುಂಕುಮ ಹಚ್ಚಿ ಹೂ ಇಡುತ್ತಿದ್ದೆ. ಅಕ್ಷತೆ ಮಾತ್ರ ಮುಟ್ಟುತ್ತಿರಲಿಲ್ಲ. ಬಿಚ್ಚಿದ ಎಂಜಿನ್ನಿರುವ ಜಾಗಕ್ಕೆ ಅಕ್ಕಿಕಾಳು ತರಬಾರದು ಎನ್ನುವುದು ಕಲಾಸಿಪಾಳ್ಯದಿಂದ ನಾನು ಕಟ್ಟಿಕೊಂಡು ಬಂದ ಮಡಿ. ಸಿದ್ಧವಾದ ಹೆಡ್ಡುಗಳ ಮೇಲೆ ಬಟ್ಟೆ ಹೊದಿಸಿ, ಪೂಜೆ ಮುಗಿಸಿ, ಊಟಕ್ಕೆ ಹೋದೆ.

ಆಮೇಲೆ ಹೆಡ್ಡುಗಳನ್ನು ಎಂಜಿನ್ನಿಗೆ ಕೂರಿಸಿ ಸೋರಿಕೆ ಪರೀಕ್ಷೆ ಮಾಡಿದೆ. ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಒಂದೊಂದು ಸಿಲಿಂಡರಿಗೂ ಗಾಳಿ ತುಂಬಿ, ಎಲ್ಲಿಂದ ಸೋರುತ್ತದೆ ಎಂದು ಕಿವಿಗೊಡುವುದು. ಏಳು ಸಿಲಿಂಡರು ಸರಿಯಾಗಿದ್ದವು. ಎಂಟನೆಯದರಲ್ಲಿ ಗಾಳಿ ನಿಲ್ಲಲಿಲ್ಲ, ಕಾರ್ಬ್ಯುರೇಟರಿನ ಬಾಯಲ್ಲಿ ಬುಸ್ಸೆನ್ನುತ್ತಿತ್ತು. ಎಂದರೆ ಗಾಳಿ ಒಳಬರುವ ಕಡೆಯ ವಾಲ್ವು ಮುಚ್ಚುತ್ತಿಲ್ಲ. ನಾನೇ ಕೂರಿಸಿದ ಉಂಗುರ, ನಾನೇ ಉಜ್ಜಿದ ವಾಲ್ವು. ಕಾರು ಇಬ್ಬರದೂ ಆದ್ದರಿಂದ ಇಬ್ಬರಿಗೂ ಫೋನ್ ಮಾಡಿದೆ.

ತಿಂಗಳುಗಳ ಮೇಲೆ ಇಬ್ಬರೂ ಒಂದೇ ಸಲ ಬಂದದ್ದು ಅವತ್ತು. ಒಬ್ಬ ಈ ಗೋಡೆಗೆ, ಒಬ್ಬ ಆ ಗೋಡೆಗೆ ನಿಂತರು. ಶ್ರೀಧರ ನನಗೆ ಹೇಳುವ ಹಾಗೆ ಗುರುರಾಜನಿಗೆ ಕೇಳಿಸಿದ. "ಹಳೇ ಹೆಡ್ ಬೇಡ ಅಂತ ಬಡ್ಕೊಂಡೆ. ಯಾರ್ ಕೇಳ್ತಾರೆ ನನ್ ಮಾತು."

ಗುರುರಾಜನ ಮುಖ ಹರಳೆಣ್ಣೆ ಕುಡಿದ ಹಾಗಿತ್ತು. ನಾನು ಬೋಲ್ಟು ಸಡಿಲಿಸಿ, ಹೆಡ್ಡನ್ನು ಇಳಿಸಿ, ಬೆಂಚಿನ ಮೇಲೆ ಮಗುಚಿ ಹಾಕಿದೆ. ವಾಲ್ವು ಒತ್ತಿದೆ. ಅದರ ಅಂಚಿನಲ್ಲಿ ಏನೋ ಹಳದಿ ಬಣ್ಣದ್ದು ಜಜ್ಜಿಕೊಂಡು ಅಂಟಿತ್ತು. ಚಿಮಟದಿಂದ ತೆಗೆದು ಅಂಗೈಯಲ್ಲಿ ಹಾಕಿಕೊಂಡೆ. ಅರಿಸಿನ ಮೆತ್ತಿದ ಅಕ್ಕಿಕಾಳು.

"ಅಕ್ಷತೆ," ಎಂದ ಗುರುರಾಜ. "ನೀವು ಹಾಕಿದ್ರಾ ಸಾರ್?"

"ಬಿಚ್ಚಿದ ಎಂಜಿನ್ ಹತ್ರ ನಾನು ಅಕ್ಕಿ ತರಲ್ಲ."

ಶ್ರೀಧರನ ಕಿವಿ ಕೆಂಪಗಾಗಿತ್ತು. ನೆಲ ನೋಡಿಕೊಂಡೇ ಶುರುಮಾಡಿದ.

"ಹಬ್ಬದ ದಿನ ಲಂಚ್ ಟೈಮಲ್ಲಿ ಬಂದಿದ್ದೆ. ನೀವು ಊಟಕ್ಕೆ ಹೋಗಿದ್ರಿ. ಲೇತಿಗೂ ಹೂವಿತ್ತು, ಕಸ ಗುಡಿಸೋ ಬ್ರಷ್ಷಿಗೂ ಕುಂಕುಮ ಇತ್ತು. ನಮ್ಮ ಹೆಡ್ಡು ಮಾತ್ರ ಬಟ್ಟೆ ಹೊದ್ಕೊಂಡು ಮಲಗಿತ್ತು. ನೋಡೋಕಾಗ್ಲಿಲ್ಲ. ಬೆಳಗ್ಗೆ ಮನೆ ಪೂಜೆದು ಅಕ್ಷತೆ ಪಾಕೆಟಲ್ಲಿತ್ತು. ಬಟ್ಟೆ ತೆಗೆದು ಹಾಕಿ, ಕೈ ಮುಗಿದು, ಮತ್ತೆ ಹೊದಿಸಿ ಹೋದೆ."

ಗಾಳಿದಾರಿ ಒಳಗೆ ಹೋಗಿ ತಿರುಗುತ್ತದೆ. ಆ ತಿರುವಿನ ಆಚೆ ಬಿದ್ದ ಕಾಳು ನನ್ನ ಟಾರ್ಚಿಗೆ ಕಂಡಿರಲಿಲ್ಲ. ನಾನೇ ಹೊದಿಸಿದ ಬಟ್ಟೆಯೆಂದು ಗಾಳಿ ಊದಿ ನೋಡಿರಲಿಲ್ಲ. ಇದನ್ನು ಕಲಿಯುವವರು ಗಮನಿಸಿ, ನಿಮ್ಮದೇ ಬಟ್ಟೆಯಾದರೂ ಊದಿ ನೋಡಿ.

ಗುರುರಾಜ ಗೋಡೆ ಬಿಟ್ಟು ಬಂದ. "ನಿಂದು ಅಲ್ಯೂಮಿನಿಯಮ್ ಅಲ್ವೇನೋ. ನನ್ನ ಹೆಡ್ಡಿಗ್ಯಾಕೆ ಅಕ್ಷತೆ ಹಾಕ್ದೆ?"

"ನಮ್ಮ ಹೆಡ್ಡು ಅಂದೆ ಕಣೋ. ಕಿವಿ ಕೇಳಿಸಲ್ವಾ?"

ಗುರುರಾಜನಿಗೆ ಮೊದಲು ನಗು ಬಂತು. ಆಮೇಲೆ ಅವನ ಕಣ್ಣು ತುಂಬಿತು. "ನನ್ನನ್ನ ಕೇಳ್ಬೇಕಿತ್ತು ಕಣೋ. ಅಷ್ಟೇ ಇದ್ದಿದ್ದು. ಕಬ್ಬಿಣ ಆದ್ರೇನು, ಹಿತ್ತಾಳೆ ಆದ್ರೇನು." ಶ್ರೀಧರ, "ಹೂಂ ಕಣೋ, ಕೇಳ್ಬೇಕಿತ್ತು," ಎಂದ. ಅಷ್ಟಕ್ಕೇ ತಿಂಗಳುಗಳ ಜಗಳ ಮುಗಿದುಹೋಯಿತು. ಹಾಸ್ಟೆಲಿನ ಯಾವುದೋ ಮಾತು ಎತ್ತಿಕೊಂಡು ಇಬ್ಬರೂ ಬಿದ್ದುಬಿದ್ದು ನಕ್ಕರು. ಆ ಕಥೆ ಇಬ್ಬರ ಬಾಯಲ್ಲೂ, ಎರಡೂ ಥರ ನನಗೆ ಗೊತ್ತಿತ್ತು, ಆದರೆ ನನಗೆ ಯಾರೂ ಹೇಳುತ್ತಿರಲಿಲ್ಲ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನನಗೆ ನಿಜವಾಗಿಯೂ ಸಂತೋಷವಾಯಿತು. ಅದರ ಜೊತೆಗೇ ನನ್ನ ವಾರದ ಎರಡು ದಿನಗಳು ಹೋದವು ಎಂದೂ ಗೊತ್ತಾಯಿತು. ನಾನು ವಾಲ್ವನ್ನು ಒರೆಸಿ, ಮತ್ತೆ ಪೇಸ್ಟ್ ಹಚ್ಚಿ ತಿರುಗಿಸತೊಡಗಿದೆ.

ಎಂಜಿನ್ನು ಕಾರಿನೊಳಗೆ ಕೂತು ಮೊದಲ ಸಲ ಶುರುವಾದದ್ದು ಒಂದು ಭಾನುವಾರ. ಒಂದೇ ತಿರುವಿಗೆ ಹೊತ್ತಿಕೊಂಡಿತು. ತಗ್ಗಿದ ದನಿ, ಎಲ್ಲೂ ನಡುಕವಿಲ್ಲ. ಬಾಸ್ ತಲೆಯಾಡಿಸಿ ಒಳಗೆ ಹೋದರು, ಅದು ಅವರ ದೊಡ್ಡ ಹೊಗಳಿಕೆ. ಹಿಂದಿನ ಸೀಟು ಹೊಲಿಯುವವನ ಹತ್ತಿರವೇ ಇತ್ತು, ಹಾಗಾಗಿ ಕಾರಿನಲ್ಲಿ ಇಬ್ಬರಿಗೆ ಮಾತ್ರ ಜಾಗ.

"ಸೀಟ್ ಬರ್ಲಿ ಸಾರ್," ಎಂದ ಶ್ರೀಧರ ಕಿಟಕಿಯಿಂದ. "ನಿಮ್ಮನ್ನ ಕೂರಿಸ್ಕೊಂಡು ಚಾಂಗಿ ಬೀಚ್‌ವರೆಗೂ ಒಂದ್ ರೌಂಡ್."

"ಸ್ವಲ್ಪ ದಿನ ಓಡಿಸಿ ತನ್ನಿ," ಎಂದೆ. "ಬಿಸಿ ತಣ್ಣಗೆ ಆಗಿ ಆಗಿ ಹೆಡ್ ಕೆಳಗಿನ ಗ್ಯಾಸ್ಕೆಟ್ ಹಾಳೆ ಅಮುಕಿಕೊಂಡಿರುತ್ತೆ. ಹೆಡ್ ಬೋಲ್ಟುಗಳನ್ನ ಇನ್ನೊಂದ್ ಸಲ ಟೈಟ್ ಮಾಡ್ಬೇಕು. ನಡುವಿನಿಂದ ಶುರುಮಾಡಿ ಅಂಚಿನ ಕಡೆ ಹೋಗ್ಬೇಕು, ಇಲ್ಲಾಂದ್ರೆ ಹೆಡ್ ಸೊಟ್ಟ ಕೂರುತ್ತೆ. ಮರೀಬೇಡಿ."

"ಮರೆಯೋದುಂಟಾ ಸಾರ್," ಎಂದ ಗುರುರಾಜ.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ನಾನೂ ಧೈರ್ಯವಾಗಿದ್ದೆ. ಬೋಲ್ಟು ಬಿಗಿಸಲಾದರೂ ಬರಲೇಬೇಕು, ಇಬ್ಬರೂ ಬರುತ್ತಾರೆ, ಕಾಫಿಯೂ ಬರುತ್ತದೆ. ಆ ಬೋಲ್ಟುಗಳ ಅಳತೆಯ ಸಾಕೆಟ್ ಸ್ಪ್ಯಾನರನ್ನು ಬೆಂಚಿನ ಮೇಲೆಯೇ ಇಟ್ಟುಕೊಂಡಿದ್ದೆ. ಹೊರಗೆ ದಪ್ಪ ದನಿಯ ಕಾರು ಹೋದರೆ ಕಿವಿಯ ಮುಚ್ಚಳ ಎತ್ತಿ ಕೇಳುತ್ತಿದ್ದೆ. ಈ ಕಸುಬಿನ ಒಂದು ವಿಚಿತ್ರ ಇದು. ಕೆಟ್ಟ ಕೆಲಸ ಮಾಡಿದರೆ ಗಿರಾಕಿ ಮತ್ತೆ ಮತ್ತೆ ಬರುತ್ತಾನೆ. ಒಳ್ಳೆಯ ಕೆಲಸ ಮಾಡಿದರೆ ಅವನಿಗೆ ಬರಲು ಕಾರಣವೇ ಇರುವುದಿಲ್ಲ.

ಒಂದು ದಿನ ಊಟದ ಹೊತ್ತಿಗೆ ಫೋನಿಗೆ ಶ್ರೀಧರನ ಮೆಸೇಜು ಬಂತು. "ಸಾರ್, ಟೈಟ್ ಮಾಡೋದು ನಾವೇ ಮಾಡ್ಕೊಂಡ್ವಿ. ಗುರು ಮನೆ ಕಾಂಡೋ ಪಾರ್ಕಿಂಗಲ್ಲೇ. ನಿಮಗ್ಯಾಕೆ ತೊಂದ್ರೆ ಅಂತ. ಆರ್ಡರ್ ಕರೆಕ್ಟಾಗಿದ್ಯಾ ನೋಡಿ ಹೇಳಿ."

ಕೆಳಗೆ ಎರಡು ಫೋಟೋ ಇದ್ದವು. ಬಲದ ಹೆಡ್ಡಿನದೊಂದು, ಎಡದ ಹೆಡ್ಡಿನದೊಂದು. ಬಿಗಿಸಿದ ಕ್ರಮ ತಿಳಿಯಲೆಂದು ಪ್ರತಿ ಬೋಲ್ಟಿನ ಪಕ್ಕ ಬಿಳಿ ಮಾರ್ಕರಿನಲ್ಲಿ ನಂಬರು ಬರೆದಿದ್ದರು. ಒಂದು ಹೆಡ್ಡಿನ ಮೇಲೆ ಗುರುರಾಜನ ಗುಂಡು ಅಕ್ಷರ, ಇನ್ನೊಂದರ ಮೇಲೆ ಶ್ರೀಧರನ ಓರೆ ಅಕ್ಷರ. ಹಾಕರ್ ಸೆಂಟರಿನಲ್ಲಿ ತಟ್ಟೆ ಪಕ್ಕಕ್ಕೆ ಸರಿಸಿ, ಕನ್ನಡಕ ಹಾಕಿಕೊಂಡು, ಫೋಟೋ ದೊಡ್ಡದು ಮಾಡಿ ನೋಡಿದೆ. ಒಂದು ಬೋಲ್ಟು ಹಿಂದುಮುಂದಾಗಿದ್ದರೂ ಸಾಕಿತ್ತು, ಕಾರು ತಗೊಂಡು ಬನ್ನಿ ಎಂದು ಬರೆಯಬಹುದಿತ್ತು. ಬಲದ್ದನ್ನು ನೋಡಿ, ಎಡದ್ದನ್ನು ನೋಡಿ, ಮತ್ತೆ ಬಲದ್ದನ್ನು ಮೊದಲಿನಿಂದ ನೋಡಿದೆ. ಒಂದೂ ತಪ್ಪಿರಲಿಲ್ಲ. ಹಾಗೆಂದೇ ಬರೆದು ಕಳಿಸಿದೆ.